ಶಿವರಾಂಪೇಟೆಯ ಮರದ ತಲೆ

ನಾನು ಒಂದು ಮರದ ತಲೆ. ಕಣ್ಣು, ಕಿವಿ, ಮೂಗು ಯಾವುದೂ ನನಗಿಲ್ಲ. ಪೇಟ ಕಟ್ಟಿಸಿಕೊಳ್ಳಲು ಅವು ಬೇಕಾಗಿಯೂ ಇಲ್ಲ. ಆದರೂ ಮೈಸೂರಿನ ಶಿವರಾಂಪೇಟೆಯ ಪೇಟದ ಅಂಗಡಿಯಲ್ಲಿ ಎಪ್ಪತ್ತು ವರ್ಷದಿಂದ ಕೂತು ಎಲ್ಲವನ್ನೂ ನೋಡಿದ್ದೇನೆ. ಹೇಗೆಂದು ಕೇಳಬೇಡಿ.

ನನ್ನನ್ನು ಕೆತ್ತಿದವನು ಬೀಟೆ ಮರದಲ್ಲಿ ಆನೆ ಮಾಡುವವನು. ಆನೆಗೆ ಸಾಲದೆ ಉಳಿದ ತುಂಡು ನಾನು. ಮಾಡಿಸಿದವರು ಅಂಗಡಿಯ ಯಜಮಾನರಾದ ಕೃಷ್ಣೋಜಿ ರಾಯರ ತಂದೆ. "ಸಣ್ಣದಾಗೇ ಮಾಡಪ್ಪ. ಸಣ್ಣ ತಲೇನ ದೊಡ್ಡದು ಮಾಡ್ಬೋದು, ದೊಡ್ಡ ತಲೇನ ಸಣ್ಣದು ಮಾಡಕ್ಕಾಗಲ್ಲ" ಎಂದರಂತೆ. ಊರಿನ ದೊಡ್ಡ ತಲೆಗಳನ್ನು ಕಂಡೇ ಹೇಳಿರಬೇಕು.

ಆಗ ನಮ್ಮ ಎಡಕ್ಕೆ ಪಾತ್ರೆಗೆ ಕಲಾಯಿ ಹಾಕುವವರು, ಬಲಕ್ಕೆ ಹಾರ್ಮೋನಿಯಂ ರಿಪೇರಿಯವರು. ಈಗ ಎರಡೂ ಕಡೆ ಮೊಬೈಲ್ ಕವರು.

ನಮ್ಮ ಅಂಗಡಿಯ ಕ್ರಮ ಹೀಗೆ. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಯ ಸುತ್ತ ನೂಲು ಹಿಡಿದು, ಅಳತೆಗೆ ಗಂಟು ಹಾಕಿ ಮೊಳೆಗೆ ನೇತುಹಾಕುವುದು. ಆ ಅಳತೆ ಬರುವವರೆಗೆ ನನಗೆ ಬಟ್ಟೆಯ ಪಟ್ಟಿ ಸುತ್ತುವುದು. ಅದರ ಮೇಲೆ ಪೇಟ. ಕೆಲಸ ಮುಗಿದ ಕೂಡಲೇ ಪಟ್ಟಿ ಬಿಚ್ಚಿ ನನ್ನನ್ನು ಬೋಳು ಮಾಡಲೇಬೇಕು.

ತಂದೆಯ ನಂತರ ಕೃಷ್ಣೋಜಿ ರಾಯರು ಐವತ್ತು ವರ್ಷ ಕಟ್ಟಿದರು. ಅವರದು ಮಾತ್ರ ಸದಾ ಬರಿತಲೆ. "ಕಟ್ಟೋನಿಗ್ಯಾಕೆ ಪೇಟ?" ಎನ್ನುತ್ತಿದ್ದರು. ಮಗ ಬಸ್ ಕಂಡಕ್ಟರ್, ಟವೆಲ್ ಮಡಚಲೂ ಬಾರದವನು. ಸೊಸೆ ತುಳಜಾಬಾಯಿ ಮಾತ್ರ ದಿನಾ ಬಂದು ಬಟ್ಟೆಗೆ ಗಂಜಿ ಹಾಕಿ, ಜರಿ ಹೊಲಿದು ಕೊಡುತ್ತಿದ್ದಳು. "ನಾನೂ ಒಂದ್ ಕಟ್ಲಾ ಮಾವ?" ಎಂದರೆ, "ಹೆಂಗಸ್ರು ಕಟ್ಟೋದಲ್ಲ ಕಣಮ್ಮ ಇದು" ಎಂದು ಮುಗಿಸುತ್ತಿದ್ದರು. ಹನ್ನೆರಡು ವರ್ಷ ಇದನ್ನೇ ಕೇಳಿದೆ. ನನಗಂತೂ ಸಿಟ್ಟು ಬರುತ್ತಿತ್ತು.

ರಾಯರ ಕಣ್ಣು ಮಂಜಾಯಿತು. ಕಟ್ಟುವವರಿಲ್ಲವೆಂದು ಅಂಗಡಿಯನ್ನು ಪಕ್ಕದ ಮೊಬೈಲಿನವನಿಗೇ ಬಿಟ್ಟುಕೊಡಲು ಒಪ್ಪಿದರು. ಕೊನೆಯದಾಗಿ ಒಬ್ಬ ಮದುಮಗನ ಪೇಟ ಬಾಕಿ ಇತ್ತು.

ಹಿಂದಿನ ದಿನ ಒಬ್ಬ ನಾಟಕದ ರಾಜನಿಗೆ ಕಟ್ಟಿದ್ದರು. ಭಾರಿ ತಲೆ ಅವನದು. ಆ ಪಟ್ಟಿಗಳನ್ನು ಬಿಚ್ಚುವುದನ್ನು ರಾಯರು ಮರೆತರು. ನೂಲು ಹಿಡಿದು ನೋಡಲೂ ಇಲ್ಲ, ಕಣ್ಣಳತೆಯ ಜಂಬ. ಮದುಮಗನ ಪೇಟವನ್ನು ಅದರ ಮೇಲೆಯೇ ಕಟ್ಟಿ ಊಟಕ್ಕೆ ಹೋದರು. ನನಗೋ ಬಾಯಿಲ್ಲ.

ಜರಿ ಹೊಲಿಯಲು ಬಂದ ತುಳಜಾಬಾಯಿಗೆ ನಾನು ಊದಿದಂತೆ ಕಂಡೆ. ಪೇಟ ಎತ್ತಿ, ಮೊಳೆಯಿಂದ ಮದುಮಗನ ನೂಲು ತೆಗೆದು ನನಗೆ ಸುತ್ತಿದಳು. ನೂಲು ಮೂರು ಬೆರಳು ಸಾಲಲಿಲ್ಲ. ಹಾಗೇ ಬಿಟ್ಟಿದ್ದರೆ ಮುಹೂರ್ತದ ಹೊತ್ತಿಗೆ ಪೇಟ ಮದುಮಗನ ಮೂಗಿನ ಮೇಲೆ ಇಳಿಯುತ್ತಿತ್ತು. ರಾಯರ ಐವತ್ತು ವರ್ಷದ ಹೆಸರು ಅದರ ಜೊತೆಗೇ ಇಳಿಯುತ್ತಿತ್ತು. ನಾಲ್ಕಕ್ಕೆ ಮದುಮಗನ ಕಡೆಯವರು ಬರುವವರಿದ್ದರು. ಅವಳು ಬಾಗಿಲು ಓರೆ ಮಾಡಿ, ಪಟ್ಟಿ ಬಿಚ್ಚಿ, ಅಳತೆ ತಂದು, ಪೇಟವನ್ನು ಮೊದಲಿನಿಂದ ಕಟ್ಟಿದಳು. ಮೊದಲ ಸುತ್ತನ್ನು ಎರಡು ಸಲ ಬಿಚ್ಚಿದಳು, ಆಮೇಲೆ ಕೈ ನಿಲ್ಲಲಿಲ್ಲ.

ನಾಲ್ಕಕ್ಕೆ, ಊಟ ಮುಗಿಸಿ ಬಂದಿದ್ದ ರಾಯರ ಎದುರೇ, ಮದುಮಗ ಇಟ್ಟುಕೊಂಡು ತಲೆ ಕೊಡವಿದ. ಪೇಟ ಕದಲಲಿಲ್ಲ. "ಕೈ ಅಂದ್ರೆ ನಿಮ್ದು ರಾಯರೇ!" ಎಂದರು ಅವನ ಸೋದರಮಾವ.

ರಾಯರು ನೆರಿಗೆಗಳ ಮೇಲೆ ಬೆರಳಾಡಿಸಿದರು. ಅವರ ನೆರಿಗೆ ತುಸು ಬಲಕ್ಕೆ ವಾಲುತ್ತದೆ. ಇವು ನೆಟ್ಟಗಿದ್ದವು. ಮದುವೆಯವರೆಲ್ಲ ಹೋದ ಮೇಲೆ ಗಿರಾಕಿಗಳ ಸ್ಟೂಲಿನ ಮೇಲೆ ತಾವೇ ಕೂತರು.

"ತುಳಜಾ, ನೂಲು ತಗೊಂಬಾ. ನನ್ ತಲೆ ಅಳತೆ ತಗೋ."

"ನಿಮ್ಗಾ ಮಾವ?"

"ನಂಗೇ. ನೀನೇ ಕಟ್ಟು. ಆ ಮೊಬೈಲ್ನೋನಿಗೆ ಬೇರೆ ಕಡೆ ನೋಡ್ಕೋ ಅಂತೀನಿ."

ಅವಳು ಅಳುತ್ತಲೇ ಗಂಟು ಹಾಕಿದಳು.

ಆ ಪೇಟವನ್ನು ರಾಯರು ನಾಲ್ಕು ವರ್ಷ ಇಟ್ಟುಕೊಂಡು ಅಂಗಡಿಯಲ್ಲಿ ಕೂತರು. ಹೋಗುವಾಗಲೂ ಅದು ಅವರ ತಲೆಯ ಮೇಲಿತ್ತು.

ಈಗ ನನ್ನ ನೆತ್ತಿ ಸೀಳಿದೆ. ತುಳಜಾಬಾಯಿ ಹೊಸ ತಲೆಯೊಂದನ್ನು ಮಾಡಿಸಿಕೊಂಡು ಗಿರಾಕಿಗಳಿಗೆ ಅದರ ಮೇಲೆ ಕಟ್ಟುತ್ತಾಳೆ. ಸಂಜೆ ಮರೆಯದೆ ಅದರ ಪಟ್ಟಿ ಬಿಚ್ಚುತ್ತಾಳೆ. ನಾನು ಮೂಲೆಯ ಗೂಡಿನಲ್ಲಿದ್ದೇನೆ. ರಾಯರು ತೀರಿಕೊಂಡ ವಾರ ತುಳಜಾಬಾಯಿ ಅವರ ನೂಲು ಹಿಡಿದು, ಅವರ ಅಳತೆ ಬರುವವರೆಗೆ ನನಗೆ ಪಟ್ಟಿ ಸುತ್ತಿದಳು. ಅದನ್ನು ಅವಳು ಇನ್ನೂ ಬಿಚ್ಚಿಲ್ಲ. ಮರೆತು ಅಲ್ಲ.