ಐದು ಮೈಲಿ ದೂರದ ಶತ್ರು

ಕಾವೂರು ಕೆರೆಯ ಬದಿಯಲ್ಲಿ ಯುದ್ಧದ ಸಿನಿಮಾದ ಶೂಟಿಂಗ್ ನಡೆಯುತ್ತಿತ್ತು. ದುಗ್ಗಪ್ಪ ನೋಡಲು ಹೋದದ್ದು ನಾಯಕನನ್ನಲ್ಲ, ಎಡ್ವಿನ್‌ನನ್ನು. ಅವನು ಡೈರೆಕ್ಟರನ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಸೇನೆಯ ವಿಷಯಕ್ಕೆ ಸಲಹೆಗಾರ ಅವನೇ.

ಇಬ್ಬರೂ ಮಾಜಿ ಸೈನಿಕರು. ಎಡ್ವಿನ್ ರೇಷನ್ ವಿಭಾಗದಲ್ಲಿದ್ದವನು. ದುಗ್ಗಪ್ಪ ಫಿರಂಗಿ ದಳದಲ್ಲಿ ನಕ್ಷೆ ಓದಿಯೇ ಆಯುಷ್ಯ ಕಳೆದವನು. ಸಿನಿಮಾದವರು ಮೊದಲು ಕೇಳಿದ್ದೂ ದುಗ್ಗಪ್ಪನನ್ನೇ. ಆದರೆ ಅವನು ಮದುವೆ ಮನೆಯಲ್ಲೂ ಎರಡನೇ ಸಲ ಕರೆದ ಮೇಲೆಯೇ ಊಟಕ್ಕೆ ಏಳುವವನು. “ನೋಡುವ” ಎಂದು ಗತ್ತಿನಿಂದ ಹೇಳಿ ಕಳುಹಿಸಿದ. ಸಿನಿಮಾದವರು ಎರಡನೇ ಸಲ ಬರಲಿಲ್ಲ. ಪರದೆಯ ಮೇಲೆ ಬರಬೇಕಾಗಿದ್ದ ಹೆಸರು ಎಡ್ವಿನ್‌ನ ಪಾಲಾಯಿತು.

ಮೇಜಿನ ಮೇಲೆ ನಕ್ಷೆ ಹರಡಿತ್ತು. ಮೇಜರ್ ವೇಷದ ನಟ ಅದರ ಮೇಲೆ ಬೆರಳಿಟ್ಟು ಐದು ಚೌಕ ಎಣಿಸಿ, “ಶತ್ರು ಇಲ್ಲಿಂದ ಐದು ಮೈಲಿ” ಅಂದ.

ಉರಿಯುತ್ತಿದ್ದ ದುಗ್ಗಪ್ಪನ ಹೊಟ್ಟೆ ತಣ್ಣಗಾಯಿತು. ಸೇನೆಯ ಆ ನಕ್ಷೆಯಲ್ಲಿ ಒಂದೊಂದು ಚೌಕ ಒಂದೊಂದು ಕಿಲೋಮೀಟರ್. ಮೈಲಿ ಲೆಕ್ಕದಲ್ಲಿ ಗುಂಡು ಹಾರಿಸಿದರೆ ಯಾರ ಅಂಗಳದಲ್ಲಿ ಬೀಳುತ್ತದೋ. ನೇರ ಮನೆಗೆ ಬಂದ.

“ಪಿಕ್ಚರ್ ಬರಲಿ. ನಮ್ಮ ಮಾಜಿ ಸೈನಿಕರ ಸಂಘದವರೆಲ್ಲ ಎಡ್ವಿನ್‌ನ ಮುಖ ನೋಡಿ ನಗ್ತಾರೆ,” ಎಂದು ಹೆಂಡತಿ ಚಂಪಾಳಿಗೆ ಹೇಳಿದ.

“ನೀವು ಅಲ್ಲೇ ಹೇಳ್ಲಿಲ್ವಾ?”

“ನಾನು ಯಾಕೆ ಹೇಳ್ಬೇಕು? ಕುರ್ಚಿ ಇರುವುದು ಅವನಿಗೆ.”

ಚಂಪಾ ಬಂಗುಡೆ ಮೀನು ಕೊಯ್ಯುವುದನ್ನು ನಿಲ್ಲಿಸಲಿಲ್ಲ. “ಮಾವನ ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಅಡುಗೆಯವರು ಕೈಕೊಟ್ಟಾಗ ನೂರು ಜನಕ್ಕೆ ಅನ್ನ ಬೇಯಿಸಿದ್ದು ಯಾರು? ಆ ಕುರ್ಚಿಯಾ, ಅದರಲ್ಲಿ ಕೂತ ಎಡ್ವಿನ್ನಾ?”

ಮರುದಿನ ಬೆಳಿಗ್ಗೆ ದುಗ್ಗಪ್ಪ ದೇರೆಬೈಲಿಗೆ, ಎಡ್ವಿನ್‌ನ ಮನೆಗೆ ಹೋದ. ತಪ್ಪು ತಿಳಿಸುವುದಕ್ಕೂ ಹೌದು, ತಿಳಿಸಿದಾಗ ಅವನ ಮುಖ ಬಾಡುವುದನ್ನು ನೋಡುವುದಕ್ಕೂ ಹೌದು.

“ಗೊತ್ತುಂಟು ಮಾರಾಯ,” ಅಂದ ಎಡ್ವಿನ್. “ರೇಷನ್ ಲಾರಿಯೂ ಕಿಲೋಮೀಟರಿನಲ್ಲೇ ಓಡುವುದಲ್ವಾ? ಇಂಗ್ಲಿಷ್ ಪಿಕ್ಚರಿನ ಸೈನಿಕರು ಹೇಳುವ ಕ್ಲಿಕ್ ಅಂದ್ರೂ ಕಿಲೋಮೀಟರೇ ಅಂತ ಹೇಳಿದೆ. ಡೈರೆಕ್ಟರ್ ಎಂತ ಹೇಳಿದ ಗೊತ್ತುಂಟಾ? ಕಿಲೋಮೀಟರ್ ಅಂದ್ರೆ ಬಸ್ಸಿನ ಟಿಕೆಟ್ ಕೇಳಿದ ಹಾಗೆ ಆಗ್ತದಂತೆ. ಮೈಲಿ ಅಂದ್ರೆ ಯುದ್ಧದ ಗತ್ತಂತೆ.”

“ಮತ್ತೆ ನೀನು ಅಲ್ಲಿ ಯಾಕೆ?”

“ಕೂರ್ಲಿಕ್ಕೆ. ನೀನು ಬುದ್ಧಿವಂತ, ಮೊದಲೇ ತಪ್ಪಿಸಿಕೊಂಡೆ. ನಿನ್ನನ್ನು ನೋಡಿದ್ರೆ ಹೊಟ್ಟೆ ಉರೀತದೆ.”

ಇಷ್ಟು ದಿನ ಉರಿದದ್ದು ತಾನು. ಈಗ ತನ್ನನ್ನು ನೋಡಿ ಇನ್ನೊಬ್ಬ ಉರಿಯುತ್ತಿದ್ದಾನೆ ಅಂದಾಗ ದುಗ್ಗಪ್ಪನಿಗೆ ಚಹಾ ರುಚಿಯಾಯಿತು.

“ಬೇಕಾದ್ರೆ ನಿನ್ನ ಹೆಸರೂ ಹಾಕಿಸ್ತೇನೆ,” ಅಂದ ಎಡ್ವಿನ್. “ನಗುವವರು ಇಬ್ಬರನ್ನೂ ಸೇರಿಸಿ ನಗಲಿ.”

ಈ ಸಲ ದುಗ್ಗಪ್ಪ ಎರಡನೇ ಕರೆಗೆ ಕಾಯಲಿಲ್ಲ.

“ಯಾರ ಹೆಸರು ಮೇಲೆ ಬರ್ತದೆ?” ಎಂದು ಕೇಳಿದ.