ಮೊದಲ ಗಾಡಿ ಏರಿಗೆ

ತುಮಕೂರು ಡಿಸ್ಟ್ರಿಕ್ಟ್ ಬೋರ್ಡಿನಲ್ಲಿ ನಾನು ಗುಮಾಸ್ತನಾಗಿದ್ದಾಗ, ರಸಾಯನಶಾಸ್ತ್ರ ಓದಿದವನೆಂಬ ಕಾರಣಕ್ಕೋ ಏನೋ, ಗೆಜೆಟ್ ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸರ್ಕಾರ ಪ್ರಕಟಿಸಿದ ಮಸೂದೆಗಳಲ್ಲಿ ರಸ್ತೆ, ಛತ್ರ, ಸಂತೆಗೆ ಸೇರಿದವನ್ನು ಬೇರೆ ತೆಗೆದು, ಬೋರ್ಡಿನ ಅಭಿಪ್ರಾಯದ ಕರಡು ಬರೆಯಬೇಕು. ಉಳಿದವಕ್ಕೆ 'ಆಕ್ಷೇಪಣೆ ಇಲ್ಲ' ಎಂದು ಷರಾ ಬರೆದು ಕಳಿಸುತ್ತಿದ್ದೆ. ಕೆರೆಯ ಅಂಗಳ ಅಗೆಯಬಾರದೆಂಬ ಮಸೂದೆಯೂ ಹಾಗೆಯೇ ಹೋಯಿತು.

ಬಾವಿಗಳ ಪಟ್ಟಿ ಮಾಡಲು ದೊಡ್ಡೇರಿ ಕಡೆ ಹೋಗಿದ್ದಾಗ, ಓಬಕ್ಕನೆಂಬ ರೈತ ಹೆಂಗಸು ಗಾಡಿ ಕಟ್ಟುವುದನ್ನು ಬಿಟ್ಟು ಬಂದಳು.

"ಕೆರೆ ಗೋಡು ತೆಗ್ಯಂಗಿಲ್ಲ ಅಂತ ಕಾನೂನು ಬತ್ತದಂತೆ. ನಿಮ್ ಬೋರ್ಡು ಏನಂತು ಸ್ವಾಮಿ?"

"ಆಕ್ಷೇಪಣೆ ಇಲ್ಲ ಅಂತು."

"ಬೋರ್ಡಿನೋರ್ಗೆ ಯಾರ್ಗೂ ಹೊಲ ಇಲ್ವಾ?"

ಕೆರೆಯ ಹೂಳಾದ ಆ ಗೋಡು ಗೊಬ್ಬರವಾಗಿ ಬೀಳದಿದ್ದರೆ ಆಕೆಯ ಗರಸು ನೆಲದಲ್ಲಿ ರಾಗಿ ತೆನೆ ಕಟ್ಟುತ್ತಿರಲಿಲ್ಲ.

"ಅಗೆದರೆ ಏರಿ ಸಡಿಲವಾಗುತ್ತದೆ ಅಂತ ಸರ್ಕಾರದ ಭಯ," ಎಂದೆ.

"ಬನ್ನಿ, ತೋರುಸ್ತೀನಿ."

ಒಣಗಿದ ಕೆರೆಯಲ್ಲಿ, ಏರಿಯ ಬುಡದಿಂದ ಇಪ್ಪತ್ತು ಮಾರು ದೂರದಲ್ಲಿ, ಸಾಲಾಗಿ ಕಲ್ಲು ನೆಟ್ಟಿದ್ದರು. ಏರಿಯ ಕಡೆಯ ನೆಲದಲ್ಲಿ ಒಂದು ಗುದ್ದಲಿ ಗುರುತೂ ಇರಲಿಲ್ಲ.

"ಇದರಿಂದೀಚೆಗೆ ಯಾರೂ ಕೈ ಇಕ್ಕಲ್ಲ. ವರ್ಸಾ ವರ್ಸಾ ಎಲ್ರದೂ ಮೊದಲ್ನೇ ಗಾಡಿ ಗೋಡು ಏರಿಗೆ. ಆಮ್ಯಾಕೆ ಹೊಲಕ್ಕೆ."

ಹಗ್ಗ ಹಿಡಿದು ಅಳೆದೆ. ನೂರಿಪ್ಪತ್ತು ಅಡಿ.

ಅಭಿಪ್ರಾಯ ಕಳಿಸುವ ಗಡುವಿಗೆ ಒಂಬತ್ತು ದಿನ ಉಳಿದಿತ್ತು. ಬೋರ್ಡಿನ ಅಧ್ಯಕ್ಷರಾದ ಚಂದ್ರಶೇಖರಯ್ಯನವರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರೂ ಆಗಿದ್ದರು. ಮಧುಗಿರಿಯ ಅವರ ಮನೆಗೆ ಹೋಗಿ ವಿಷಯ ಹೇಳಿದೆ.

"ಆ ಷರಾ ಯಾರನ್ನ ಕೇಳಿ ಬರೆದ್ರಿ?"

"ಯಾರನ್ನೂ ಕೇಳಲಿಲ್ಲ. ಮಸೂದೆಯಲ್ಲಿ ಬೋರ್ಡಿನ ಮಾತೇ ಇರಲಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. "ಅದನ್ನೂ ಬರೀರಿ. ಮೊದಲಿನದು ತಪ್ಪು ಅಂತ ಒಪ್ಪಿಕೊಳ್ಳದೆ ಎರಡನೇ ಕಾಗದ ಹಿಡಕೊಂಡು ಹೋದ್ರೆ ಮೈಸೂರಲ್ಲಿ ನನ್ನ ಮುಖ ನೋಡಿ ನಗ್ತಾರೆ."

ನನ್ನ ತಪ್ಪನ್ನು ಮೊದಲ ಸಾಲಿನಲ್ಲೇ ಬರೆದೆ. ಕಲ್ಲುಗಳ ಸಾಲು, ದೂರ, ಅಂಗಳದ ನಕ್ಷೆ, ಎಲ್ಲವನ್ನೂ ಸೇರಿಸಿದೆ. ಮೊದಲ ಗಾಡಿಯ ವಿಷಯ ಬರೆದು ಹೊಡೆದುಹಾಕಿದೆ. ಅಳೆದದ್ದನ್ನಷ್ಟೇ ಬರೆಯುವುದು ಪ್ರಯೋಗಶಾಲೆಯಲ್ಲಿ ಕಲಿತ ಅಭ್ಯಾಸ.

ಅಧ್ಯಕ್ಷರು ಮೈಸೂರಿನ ಸಭೆಯಲ್ಲಿ ಅದನ್ನೇ ಓದಿದರು. ತಿದ್ದಿದ ಕಾನೂನು ಗೆಜೆಟ್ಟಿನಲ್ಲಿ ಬಂತು: ಏರಿಯಿಂದ ನೂರಿಪ್ಪತ್ತು ಅಡಿಯ ಆಚೆ ಗೋಡು ತೆಗೆಯಬಹುದು. ಅಷ್ಟೇ.

ಮುಂದಿನ ಬೇಸಿಗೆಯಲ್ಲಿ ಅದನ್ನು ಕೆರೆಯಂಗಳದಲ್ಲಿ ನಿಂತು ಓದಿ ಹೇಳಿದೆ. ಓಬಕ್ಕ ಪೂರ್ತಿ ಕೇಳಿದಳು.

"ಮೊದ್ಲ ಗಾಡಿ ಮಾತು?"

"ಇಲ್ಲ. ನಾನೇ ಬಿಟ್ಟೆ."

ಆಕೆ ಎತ್ತಿನ ಮೂಗುದಾರ ಹಿಡಿದು ಗೋಡು ತುಂಬಿದ ತನ್ನ ಗಾಡಿಯನ್ನು ಏರಿಯತ್ತ ತಿರುಗಿಸಿದಳು. ಹಿಂದಿದ್ದ, ಅದೇ ಊರಿನ ಅಂಜನಪ್ಪನ ಮೊದಲ ಗಾಡಿ ನೇರ ಹೊಲದ ದಾರಿ ಹಿಡಿಯಿತು.

"ಲೇ ಅಂಜ್ನಪ್ಪ, ಎತ್ತಾಗ್ ಕಣ್ಲಾ?"

"ಕಾನೂನ್ನಾಗೆ ಇಲ್ವಲ್ಲಕ್ಕೋ. ಈಗ್ತಾನೆ ಓದಿದ್ರು."

"ಬರ್ದೋರು ಅಲ್ಲೇ ನಿಂತವ್ರೆ. ಕೇಳು."

ಅಂಜನಪ್ಪ ಎತ್ತು ನಿಲ್ಲಿಸಿ ನನ್ನನ್ನು ನೋಡಿದ. ಹೇಳುವ ಅಧಿಕಾರ ನನಗೆ ಯಾವ ಕಲಮಿನಲ್ಲೂ ಇರಲಿಲ್ಲ.

"ಏರಿಗೆ ಹಾಕಪ್ಪ," ಎಂದೆ. "ನಾನು ಬರೆಯೋದು ಮರೆತಿಲ್ಲ, ಬೇಡ ಅಂತ ಬಿಟ್ಟದ್ದು. ಅದು ತಪ್ಪಾಯ್ತು."

ಅವನು ಗಾಡಿ ತಿರುಗಿಸಿದ. ನಾನೂ ಒಂದು ಮಂಕರಿ ಗೋಡು ಹೊತ್ತುಕೊಂಡು ಏರಿ ಹತ್ತಿದೆ.