ಜೊಸೈಯಾ ಥಾರ್ನನ ಮೊದಲ ಮಗಳು

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನಲ್ಲಿ ಅಮೆರಿಕದವರಿಗೆ ವಂಶವೃಕ್ಷ ಮಾಡಿಕೊಡುತ್ತೇವೆ. ಅಲ್ಲಿಂದ ಯಾರೋ ಅಜ್ಜಿ ತನ್ನ ತಾತನ ಹೆಸರು ಕಳಿಸುತ್ತಾಳೆ. ಹಳೆಯ ಚರ್ಚುಗಳ ಪುಸ್ತಕದ ಫೋಟೋ ನೋಡುತ್ತ, ಅಮೆರಿಕ ಇನ್ನೂ ಇಂಗ್ಲಿಷರ ಕೈಯಲ್ಲಿದ್ದ ಕಾಲದವರೆಗೆ ನಾವು ಹಿಂದಕ್ಕೆ ಹೋಗುತ್ತೇವೆ. ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದ ನನಗೆ ಈ ಕೆಲಸ ಸಿಕ್ಕಿದ್ದೇ ಹೆಚ್ಚು. ಹನ್ನೊಂದು ತಿಂಗಳ ಕರಾರು ಶುಕ್ರವಾರ ಮುಗಿಯುತ್ತಿತ್ತು. ತಪ್ಪಿಲ್ಲದ ಒಬ್ಬರನ್ನು ಕಾಯಂ ಮಾಡುತ್ತಾರೆ. ನಮ್ಮ ಟೀಮ್ ಲೀಡರ್ ನರೇಶ್ ನನ್ನ ಹೆಸರು ಮೊದಲು, ಪಕ್ಕದ ಸೀಟಿನ ಯಮುನಾಳ ಹೆಸರು ಆಮೇಲೆ ಬರೆದಿದ್ದರು.

ಬುಧವಾರ ಬೇರೊಂದು ಕುಟುಂಬದ ಕೆಲಸಕ್ಕೆಂದು ಒಂದು ಊರಿನ ಸಮಾಧಿಗಳ ಪಟ್ಟಿ ತೆರೆದೆ. ‘ಹ್ಯಾನ್ನಾ, ಜೊಸೈಯಾ ಥಾರ್ನನ ಮಗಳು, ಹದಿನಾಲ್ಕು ತಿಂಗಳು, 1715.’

ಥಾರ್ನ್ ಕುಟುಂಬದ ವಂಶವೃಕ್ಷ ನಾನೇ ಮಾಡಿ ಕಳೆದ ತಿಂಗಳು ಅಲ್ಲಿನ ಒಬ್ಬ ಅಜ್ಜಿಗೆ ಕಳಿಸಿದ್ದೆ. ಚರ್ಚಿನ ಪುಸ್ತಕದಲ್ಲಿ ಜೊಸೈಯಾನಿಗೆ 1714ರಲ್ಲಿ ಒಬ್ಬಳು ಹ್ಯಾನ್ನಾ, 1717ರಲ್ಲಿ ಮತ್ತೊಬ್ಬಳು ಹ್ಯಾನ್ನಾ ಹುಟ್ಟಿದ್ದರು. ಪಾದ್ರಿ ಎರಡು ಸಲ ಬರೆದಿರಬೇಕೆಂದು ಮೊದಲನೆಯದನ್ನು ಅಳಿಸಿಬಿಟ್ಟಿದ್ದೆ.

ಸತ್ತ ಕೂಸಿನ ಹೆಸರನ್ನು ಮುಂದಿನ ಕೂಸಿಗೆ ಆಗ ಅಲ್ಲಿ ಇಡುತ್ತಿದ್ದರೆಂಬುದು ನನ್ನ ತಲೆಗೇ ಬಂದಿರಲಿಲ್ಲ. ನನಗಿಂತ ಮುಂಚಿನ ಇಬ್ಬರು ಅಣ್ಣಂದಿರು ಉಳಿಯಲಿಲ್ಲವೆಂದು ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು, ತಿಪ್ಪಣ್ಣ ಎಂದು ಕರೆದರು. ಸಾವಿಗೂ ಬೇಡವಾಗಲಿ ಎಂದು. ಆ ಇಬ್ಬರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಊಟದ ಹೊತ್ತಿನಲ್ಲಿ ಲಿಂಗಸುಗೂರಿಗೆ, ಅವ್ವನಿಗೆ, ಫೋನ್ ಮಾಡಿದೆ.

“ಅವ್ವಾ, ನನಗ ಅಣ್ಣನ ಹೆಸರು ಯಾಕ ಇಡಲಿಲ್ಲ?”

“ಈಗ್ಯಾಕಪಾ ಆ ಮಾತು? ಉಂಡಿಯೇನು?”

“ಅಮೆರಿಕದಾಗ ಇಡ್ತಿದ್ರಂತ.”

“ಕರದ್ರ ಒಬ್ಬರಾದ್ರೂ ಓ ಅನ್ಲಿ ಅಂತ ಇಟ್ಟಿರಬೇಕು, ಪಾಪ,” ಎಂದಳು.

ನರೇಶ್ ಹತ್ತಿರ ಹೋಗಿ ಹೇಳಿದೆ.

“ಮುನ್ನೂರು ವರ್ಷದ ಹಿಂದೆ ಸತ್ತಿರೋ ಮಗು ಗುರು! ಆ ಅಜ್ಜಿ ಫ್ರೇಮ್ ಹಾಕ್ಸಿ ಗೋಡೆಗೆ ನೇತಾಕ್ಕೊಂಡಾಗಿದೆ. ಯಾರು ಕೇಳ್ತಾರೆ?”

“ಎರಡನೇ ಹ್ಯಾನ್ನಾಳಿಂದ ಮುಂದೆಲ್ಲ ಸರಿ ಐತ್ರಿ ಸಾರ್. ಮೊದಲನೇ ಕೂಸು ಮಾತ್ರ ಎಲ್ಲೂ ಇಲ್ಲ.”

“ಕಳಿಸಿರೋ ಫೈಲ್ ಮತ್ತೆ ತೆಗೆದ್ರೆ ನಿನ್ನ ಲೆಕ್ಕಕ್ಕೆ ತಪ್ಪು ಬೀಳತ್ತೆ. ಕಾಯಂಗೆ ಯಮುನಾ ಹೆಸರು ಹೋಗತ್ತೆ, ನಿಂದಲ್ಲ. ಶುಕ್ರವಾರ ಕಳೆದ್ಮೇಲೆ ಹೇಳಕ್ಕಾಗ್ತಿರ್ಲಿಲ್ವಾ ಮಾರಾಯ?”

ಅದು ನನಗೂ ಹೊಳೆದಿತ್ತು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಹೋಗಿ ನೋಡುವವನು ನಾನು. ನನಗೆ ಎರಡು ದಿನ ಬಹಳ ಉದ್ದ.

“ತೆಗೀರಿ ಸಾರ್.”

“ದೊಡ್ಡ ಸತ್ಯವಂತ ಕಣಯ್ಯಾ ನೀನು,” ಎನ್ನುತ್ತ ನರೇಶ್ ಪಾಸ್‌ವರ್ಡ್ ಒತ್ತಿ ಎದ್ದುಹೋದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ನಮ್ಮ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರು. ನಡುವೆ ಒಬ್ಬರು ಸೇರಿದರೆ ಕೆಳಗಿನವರೆಲ್ಲ ಒಂದೊಂದು ಮನೆ ಜರುಗಬೇಕು, ಅದನ್ನು ಕೈಯಿಂದಲೇ ತಿದ್ದಬೇಕು. ಸತ್ತ ಹ್ಯಾನ್ನಾಗೆ ಇಪ್ಪತ್ತಮೂರು ಕೊಟ್ಟೆ. ತಂಗಿ ಇಪ್ಪತ್ತನಾಲ್ಕಾದಳು. ಅವಳ ಕೆಳಗೆ ಇನ್ನೂ ನೂರ ನಲವತ್ತು ಮಂದಿ ಇದ್ದರು. ಚಂದಾಪುರದ ಬಸ್ಸುಗಳು ತುಂಬಿಕೊಂಡು ಹೋಗುವ ಹೊತ್ತಿಗೆ ನಾನು ಅರವತ್ತನೇ ನಂಬರಿನ ಹತ್ತಿರ ಬಂದಿದ್ದೆ.